ನೈರೋಬಿಗೆ ನಲವತ್ತು ನಿಮಿಷ ಹೆಚ್ಚು

ಬೊಂಬಾಯಿಯಿಂದ ನೈರೋಬಿ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತಿನ ದಾರಿ ಎಂದು ಯಾರಾದರೂ ಕೇಳಿದರೆ ಮೊದಲನೆಯದಕ್ಕೆ ನಾನು ನಿದ್ದೆಗಣ್ಣಲ್ಲೂ ಉತ್ತರ ಹೇಳಬಲ್ಲೆ. ಸುಮಾರು ಎರಡು ಸಾವಿರದ ನಾನೂರೈವತ್ತು ನಾಟಿಕಲ್ ಮೈಲಿ. ಎರಡನೆಯದಕ್ಕೆ ಮಾತ್ರ "ಯಾವ ದಿನ?" ಎಂದು ತಿರುಗಿ ಕೇಳುತ್ತೇನೆ. ಕೇಳಿದವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಆದರೆ ನನ್ನ ಮಟ್ಟಿಗೆ ಅದಕ್ಕೆ ಬೇರೆ ಉತ್ತರವಿಲ್ಲ. ದೂರ ಇದ್ದಲ್ಲೇ ಇರುತ್ತದೆ, ಗಾಳಿ ಇರುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದು ಮೊದಲು, ಕಲಿತದ್ದು ಆಮೇಲೆ.

ಎಪ್ಪತ್ತರ ದಶಕದ ಆರಂಭದ ಮಾತು. ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಕಂಪನಿಯ ಡಿಸ್ಪ್ಯಾಚ್ ವಿಭಾಗದಲ್ಲಿ ನಾನಿದ್ದೆ. ವಿಮಾನ ಹಾರಿಸುವವರು ಪೈಲಟ್‌ಗಳು. ಅದು ಯಾವ ದಾರಿ ಹಿಡಿಯಬೇಕು, ಎಷ್ಟು ಹೊತ್ತು ಹಾರಬೇಕು, ಅದಕ್ಕೆ ಎಷ್ಟು ಇಂಧನ ತುಂಬಬೇಕು ಎಂದು ನೆಲದ ಮೇಲೆ ಕೂತು ಲೆಕ್ಕ ಹಾಕುವವರು ನಾವು. ಆ ಲೆಕ್ಕದ ಹಾಳೆಗೆ ಫ್ಲೈಟ್ ಪ್ಲಾನ್ ಎಂದು ಹೆಸರು. ಲೆಕ್ಕ ಮಾಡುವ ಯಂತ್ರಗಳು ಇನ್ನೂ ಬಂದಿರಲಿಲ್ಲ. ತಟ್ಟೆಯಂತೆ ಗುಂಡಗಿದ್ದ, ತಿರುಗಿಸಿ ಗುಣಾಕಾರ ಭಾಗಾಕಾರ ಮಾಡುವ ಒಂದು ಸ್ಲೈಡ್ ರೂಲ್, ಒಂದು ಅಳತೆಪಟ್ಟಿ, ಚೂಪು ಮಾಡಿದ ಪೆನ್ಸಿಲ್, ಇಷ್ಟೇ ನಮ್ಮ ಆಯುಧ.

ನೈರೋಬಿಯ ದಾರಿಯನ್ನು ನಾವು ಏಳು ತುಂಡು ಮಾಡಿಕೊಂಡಿದ್ದೆವು. ಒಂದೊಂದು ತುಂಡು ಮುನ್ನೂರೈವತ್ತು ಮೈಲಿ. ವಿಮಾನದ ಸ್ವಂತ ವೇಗ ಗಂಟೆಗೆ ನಾನೂರೆಪ್ಪತ್ತು ನಾಟಿಕಲ್ ಮೈಲಿ. ಪ್ರತಿ ತುಂಡಿನ ಮೇಲೂ ಗಾಳಿ ಯಾವ ಕಡೆಯಿಂದ ಎಷ್ಟು ಜೋರಾಗಿ ಬೀಸುತ್ತದೆ ಎಂದು ಹವಾಮಾನ ಕಚೇರಿಯ ಚಾರ್ಟಿನಲ್ಲಿ ನೋಡಿ, ಹಿಂದಿನಿಂದ ತಳ್ಳಿದರೆ ಕೂಡಿಸಿ, ಎದುರಿಗೆ ಬಂದರೆ ಕಳೆದು, ಆ ತುಂಡಿಗೆ ಎಷ್ಟು ನಿಮಿಷ ಎಂದು ಬರೆಯಬೇಕು. ಗಾಳಿ ಅಳೆಯಲು ಮುಂಜಾನೆ ಹಾರಿಸಿದ ಬಲೂನುಗಳು ಕಳಿಸಿದ ಸುದ್ದಿಯೆಲ್ಲ ಸೇರಿ ಹೊಸ ಚಾರ್ಟ್ ತಯಾರಾಗಿ ಮೇಲಿನ ಮಹಡಿಯಿಂದ ನಮ್ಮ ಮೇಜಿಗೆ ಇಳಿಯುತ್ತಿದ್ದುದು ಹತ್ತು ಗಂಟೆಗೆ ಸ್ವಲ್ಪ ಮೊದಲು. ನೈರೋಬಿ ವಿಮಾನ ಹೊರಡುವುದು ಹನ್ನೊಂದಕ್ಕೆ. ಹೊಸ ಚಾರ್ಟ್ ಬರುವವರೆಗೆ ಲೆಕ್ಕಕ್ಕೆ ಕೈಹಾಕಬಾರದು ಎಂಬುದು ನಿಯಮ. ಆ ಒಂದು ತಾಸು ನಾವು ಬೆವರು ಒರೆಸಿಕೊಳ್ಳಲೂ ಪುರಸೊತ್ತಿಲ್ಲದೆ ದುಡಿಯುತ್ತಿದ್ದೆವು.

ಈಗ ಆಯುಧಪೂಜೆಯ ವಿಷಯಕ್ಕೆ ಬರುತ್ತೇನೆ. ಗದಗಿನಲ್ಲಿ ನಮ್ಮ ತಂದೆಯದೊಂದು ಸಣ್ಣ ಅಚ್ಚುಕೂಟ ಇತ್ತು. ಖಂಡೇನವಮಿಯ ದಿನ ಮಷಿನ್ ತೊಳೆದು, ಎಣ್ಣೆ ಬಿಟ್ಟು, ಹೂವು ಏರಿಸಿ ಪೂಜೆ ಮಾಡಿದರೆ ಮಾರನೆಯ ಮುಂಜಾನೆಯವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ವರ್ಷವಿಡೀ ನಮಗಾಗಿ ದುಡಿದ ವಸ್ತುವಿಗೆ ಒಂದು ದಿನ ವಿಶ್ರಾಂತಿ ಎಂದು ತಂದೆ ಹೇಳುತ್ತಿದ್ದರು. ನಮ್ಮ ಆಫೀಸಿನಲ್ಲೋ, ಟೈಪ್‌ರೈಟರಿಗೆ ಕುಂಕುಮ ಹಚ್ಚಿದ ಮರುಕ್ಷಣವೇ ಅದರ ಮೇಲೆ ಟಕಟಕ ಶುರು. ನನಗೆ ಅದು ಸಹಿಸುತ್ತಿರಲಿಲ್ಲ. ಇದು ಪೂಜೆಯಲ್ಲ, ಪೂಜೆಯ ನಾಟಕ ಎಂದು ಹಿಂದಿನ ವರ್ಷ ಎಲ್ಲರೆದುರು ಭಾಷಣ ಬಿಗಿದಿದ್ದೆ. ಚಿಕ್ಕ ವಯಸ್ಸು, ನಾಲಿಗೆ ಉದ್ದ.

ನಮ್ಮ ವಿಭಾಗದ ಹಿರಿಯರು ಬೆಳಗಾವಿ ಕಡೆಯವರು, ದಾದರಿನಲ್ಲಿ ಮೂವತ್ತು ವರ್ಷದಿಂದ ಬೇರೂರಿದವರು. ಅವರು ಆ ಭಾಷಣವನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟಿದ್ದರು. ಈ ಸಲ ನವಮಿಗೆ ಎರಡು ದಿನ ಮೊದಲೇ ನನ್ನನ್ನು ಕರೆದು, "ಈ ಸರ್ತೆ ನೀ ಹೇಳಿದಂಗ ಮಾಡೋಣು. ಪೂಜಾ ಆದಮ್ಯಾಲೆ ಯಾರೂ ಕೈ ಹಚ್ಚೂದು ಬ್ಯಾಡ. ಆದ್ರ ನೈರೋಬಿದು ಕಾಯ್ ಕರಾಯ್ಚೆ? ಅದಕ್ಕೇನು ಮಾಡ್ತಿ?" ಅಂದರು.

"ಮುಂಜಾನೆ ಏಳಕ್ಕ ಬಂದು ಪ್ಲಾನ್ ಮುಗಿಸಿಬಿಡ್ತೀನ್ರಿ ಸಾಹೇಬ್ರ. ಹಿಂದಿನ ದಿನದ ಚಾರ್ಟ್ ಇರತೈತಲ್ರಿ. ಈ ತಿಂಗಳದಾಗ ಆ ಕಡೆ ಗಾಳಿ ಏನು ಬದಲಾಗತೈತಿ?" ಅಂದೆ.

ಅವರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ತಲೆ ಆಡಿಸಿದರು. ಆ ಒಂದು ನಿಮಿಷವನ್ನು ನಾನು ಗಮನಿಸಬೇಕಿತ್ತು.

ನವಮಿಯ ದಿನ ಮುಲುಂಡಿನಿಂದ ಮೊದಲ ಲೋಕಲ್ ಹಿಡಿದು ದಾದರಿನಲ್ಲಿ ಇಳಿದು, ಹೂವಿನ ಮಾರುಕಟ್ಟೆಯಲ್ಲಿ ಎರಡು ಕಿಲೋ ಚೆಂಡುಹೂವು ಕೊಂಡು, ಗಾಡಿ ಬದಲಿಸಿ ಸಾಂತಾಕ್ರೂಜ್ ಮುಟ್ಟಿದೆ. ಏಳಕ್ಕೆ ಲೆಕ್ಕಕ್ಕೆ ಕೂತೆ. ಹಿಂದಿನ ಸಂಜೆಯ ಚಾರ್ಟಿನಲ್ಲಿ ದಾರಿಯುದ್ದಕ್ಕೂ ಹಿಂದಿನಿಂದ ಹದಿನೈದು ನಾಟ್, ಅಂದರೆ ಗಂಟೆಗೆ ಹದಿನೈದು ನಾಟಿಕಲ್ ಮೈಲಿ ವೇಗದ ಗಾಳಿ. ದಕ್ಷಿಣಕ್ಕೆ, ಸೋಮಾಲಿಯಾದ ಕಡೆ ಸಮುದ್ರದಲ್ಲಿ ಒಂದು ಕಡಿಮೆ ಒತ್ತಡದ ಗುರುತು ಇತ್ತು, ನಮ್ಮ ದಾರಿಗೆ ದೂರ. ಏರುವ ಇಳಿಯುವ ಸಮಯವೆಲ್ಲ ಸೇರಿ ಐದು ತಾಸು ಹದಿನೈದು ನಿಮಿಷ ಬಂತು. ಅದರ ಮೇಲೆ ಎಂಬತ್ತಾರು ನಿಮಿಷದ ಹೆಚ್ಚುವರಿ ಇಂಧನ: ಲೆಕ್ಕ ತಪ್ಪಿದರೆ ಎಂದು ಹದಿನಾರು, ನೈರೋಬಿಯಲ್ಲಿ ಇಳಿಯಲಾಗದಿದ್ದರೆ ಮೊಂಬಾಸಾಕ್ಕೆ ಹೋಗಲು ನಲವತ್ತು, ಅಲ್ಲಿ ಸುತ್ತು ಹಾಕಿ ಕಾಯಲು ಮೂವತ್ತು. ಎಂಟಕ್ಕೆಲ್ಲ ಕೈತೊಳೆದುಕೊಂಡೆ. ಇಷ್ಟು ನಿರಾಳವಾಗಿ ನೈರೋಬಿ ಪ್ಲಾನ್ ಎಂದೂ ಮಾಡಿರಲಿಲ್ಲ ಎಂದು ಸ್ವಲ್ಪ ಬೀಗಿದೆ ಕೂಡ.

ಒಂಬತ್ತೂವರೆಗೆ ಪೂಜೆ. ಸ್ಲೈಡ್ ರೂಲ್‌ಗಳು, ಅಳತೆಪಟ್ಟಿಗಳು, ಟೈಪ್‌ರೈಟರ್ ಎಲ್ಲವನ್ನೂ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು ಹೂವು ಮುಚ್ಚಿದೆವು. ಹಿರಿಯರು ಮಡಿಯುಟ್ಟು ಆರತಿ ಎತ್ತಿದರು. ಹತ್ತಕ್ಕೆ ನೈರೋಬಿಯ ಕ್ಯಾಪ್ಟನ್ ಒಳಗೆ ಬಂದರು. ಮಂಗಳೂರು ಕಡೆಯವರು, ಮಾತು ಕಡಿಮೆ, ನನ್ನ ಜೊತೆ ಮಾತ್ರ ಕನ್ನಡ. ಪ್ರಸಾದ ತೆಗೆದುಕೊಂಡು ಪ್ಲಾನಿನ ಮೇಲೆ ಕಣ್ಣಾಡಿಸಿದರು.

"ಗಾಳಿ ಇವತ್ತಿಂದಲ್ವಾ?" ಎಂದು ಕೇಳಿದರು.

"ಹೌದ್ರಿ ಸರ," ಅಂದೆ.

ಯಾಕೆ ಹಾಗೆ ಅಂದೆ ಎಂದು ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಮೋಸ ಮಾಡುವ ಉದ್ದೇಶ ಖಂಡಿತ ಇರಲಿಲ್ಲ. ಆರತಿಯ ತಟ್ಟೆ ಎದುರಿಗಿತ್ತು, ಹತ್ತು ಜನ ಸಂತೋಷದಲ್ಲಿ ನಿಂತಿದ್ದರು, ಇಲ್ಲ ಅಂದರೆ ಎಲ್ಲವನ್ನೂ ವಿವರಿಸಬೇಕಾಗುತ್ತಿತ್ತು. ಅವರು ಸಹಿ ಹಾಕಿದರು. ಹನ್ನೊಂದು ಐದಕ್ಕೆ ನೂರ ಹದಿನೆಂಟು ಪ್ರಯಾಣಿಕರನ್ನು ಹೊತ್ತ ವಿಮಾನ ಏರಿತು. ಹೆಚ್ಚಿನವರು ಅಲ್ಲಿ ಅಂಗಡಿ ಇಟ್ಟುಕೊಂಡಿದ್ದ ಗುಜರಾತಿ ಸಂಸಾರಗಳು, ಮಕ್ಕಳು ಮರಿ ಸಮೇತ.

ಹನ್ನೆರಡು ಹತ್ತಕ್ಕೆ ನಾನು ಮೇಜು ಚೊಕ್ಕ ಮಾಡುತ್ತಿದ್ದೆ. ಪ್ರಸಾದದ ತಟ್ಟೆ ಎತ್ತಿದರೆ ಕೆಳಗೆ ಮಡಚಿದ ಕಾಗದ. ಬಿಡಿಸಿದೆ. ಆ ದಿನದ ಚಾರ್ಟ್. ಹವಾಮಾನ ಕಚೇರಿಯ ಸಹಾಯಕ ಎಂದಿನಂತೆ ಹತ್ತಕ್ಕೆ ಮೊದಲೇ ತಂದಿದ್ದಾನೆ. ನಾವೆಲ್ಲ ಕೈಮುಗಿದು ನಿಂತಿರುವುದನ್ನು ನೋಡಿ, ಮಾತಾಡಿಸಬಾರದೆಂದು ತಟ್ಟೆಯ ಕೆಳಗೆ ಇಟ್ಟು ಹೋಗಿದ್ದಾನೆ. ಪ್ಲಾನ್ ಮೊದಲೇ ಮುಗಿದಿದ್ದರಿಂದ ಅದು ಬಂತೇ ಎಂದು ನಮ್ಮಲ್ಲಿ ಯಾರೂ ಹುಡುಕಿರಲಿಲ್ಲ.

ಹಿಂದಿನ ದಿನ ದೂರದಲ್ಲಿದ್ದ ಆ ಗುರುತು ಈಗ ಚಂಡಮಾರುತವಾಗಿ ನಮ್ಮ ದಾರಿಗೆ ಹತ್ತಿರ ಬಂದು ಕೂತಿತ್ತು. ಮೊದಲ ಮೂರು ತುಂಡುಗಳಲ್ಲಿ ಗಾಳಿ ನಾನು ಬರೆದಂತೆಯೇ ಇತ್ತು. ಕೊನೆಯ ನಾಲ್ಕರಲ್ಲಿ ಬಾಣದ ಗುರುತುಗಳೆಲ್ಲ ತಿರುಗಿ ನಿಂತಿದ್ದವು. ಹದಿನೈದು ನಾಟ್ ಹಿಂದಿನಿಂದ ಇದ್ದದ್ದು ಈಗ ನಲವತ್ತೈದು ನಾಟ್ ಎದುರಿಗೆ. ಅದರ ಮೇಲೆ ಮೋಡದ ರಾಶಿಯನ್ನು ಬಳಸಿಕೊಂಡು ಹೋಗಲು ನೂರ ಹತ್ತು ಮೈಲಿ ಸುತ್ತು.

ಇದರಲ್ಲಿ ಭಯಂಕರವಾದದ್ದು ಏನೆಂದರೆ ಮೊದಲ ಎರಡು ತಾಸು ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವಿಮಾನದಲ್ಲಿ ದಾರಿ ನೋಡಿಕೊಳ್ಳುವ ನ್ಯಾವಿಗೇಟರ್ ತನ್ನ ಗಡಿಯಾರವನ್ನೂ ನನ್ನ ಹಾಳೆಯನ್ನೂ ಹೋಲಿಸಿ, ಪ್ಲಾನ್ ನಿಮಿಷಕ್ಕೆ ನಿಮಿಷ ಹೊಂದುತ್ತಿದೆ ಎಂದು ನಂಬಿಕೊಂಡು ಮುಂದೆ ಹೋಗುತ್ತಾನೆ. ಗಾಳಿ ಎದುರಾದಾಗಲೂ ಇದು ಸ್ವಲ್ಪ ಹೊತ್ತಿನದು, ಮುಂದೆ ಸರಿಹೋಗುತ್ತದೆ ಅಂದುಕೊಳ್ಳುತ್ತಾನೆ. ಹಾಳೆ ಹಾಗೆ ಹೇಳುತ್ತಿತ್ತಲ್ಲ.

ಹಿರಿಯರ ಮುಂದೆ ಚಾರ್ಟ್ ಹಿಡಿದೆ. ನೋಡಿದರು, ಮುಖ ಕಪ್ಪಿಟ್ಟಿತು. ನಾನು ಕಾಗದ ತೆಗೆದುಕೊಂಡು ಕೈಲೆಕ್ಕ ಶುರುಮಾಡಿದೆ. ಎರಡು ತುಂಡು ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಹೋಗಿತ್ತು, ಅವಸರದಲ್ಲಿ ಒಂದು ಭಾಗಾಕಾರ ತಪ್ಪಿತ್ತು. ಎದ್ದು ಪೂಜೆಯ ಮೇಜಿನ ಹತ್ತಿರ ಹೋದೆ.

"ಏ, ಅದನ್ನ ಮುಟ್ಟಬ್ಯಾಡ," ಅಂದರು ಹಿರಿಯರು. "ನೀನಽ ಹೇಳಿದ್ದಿ ಅಲ್ಲೇನು, ನಾಳೆ ಮುಂಜಾನಿ ತನಕಾ ಕೈ ಹಚ್ಚಬಾರದಂತ? ಮೊದ್ಲಽ ಹಿಂಗಾಗೇತಿ, ಅದರ ಮ್ಯಾಲೆ ಇದೊಂದು ಅಪಶಕುನ ಬ್ಯಾಡೋ ಬಾಬಾ."

ಅವರನ್ನು ಬೈಯುವಂತಿರಲಿಲ್ಲ, ಆ ಮಾತನ್ನು ಅವರ ತಲೆಗೆ ತುಂಬಿದವನು ನಾನೇ. ನನಗೂ ಕೈ ಮುಂದಕ್ಕೆ ಬರಲಿಲ್ಲ ಎಂದು ಹೇಳಿದರೆ ನಗಬೇಡಿ. ಹೂವಿನ ಕೆಳಗೆ ಸ್ಲೈಡ್ ರೂಲಿನ ಅಂಚು ಕಾಣುತ್ತಿತ್ತು, ಕಣ್ಣಿಗೆ ತಂದೆಯ ಮಷಿನ್ ಬರುತ್ತಿತ್ತು. ಆಮೇಲೆ ಗುಜರಾತಿ ಮಕ್ಕಳ ನೆನಪಾಯಿತು. ಹೂವು ಸರಿಸಿ ರೂಲ್ ಎತ್ತಿಕೊಂಡೆ. ಕುಂಕುಮ ಅಂಕಿಗಳ ಮೇಲೆ ಮೆತ್ತಿತ್ತು, ಅಂಗಿಯ ತುದಿಯಿಂದ ಒರೆಸಿದೆ.

ಹನ್ನೆರಡು ನಲವತ್ತಕ್ಕೆ ಉತ್ತರ ಸಿಕ್ಕಿತು. ಮೊದಲ ಮೂರು ತುಂಡಿಗೆ ನೂರ ಮೂವತ್ತು ನಿಮಿಷ, ಅದರಲ್ಲಿ ಬದಲಾವಣೆ ಇಲ್ಲ. ಕೊನೆಯ ನಾಲ್ಕಕ್ಕೆ ನೂರ ಎಪ್ಪತ್ತಮೂರು ಎಂದು ಬರೆದಿದ್ದೆ. ಈಗ ಇನ್ನೂರ ಹದಿಮೂರು. ನಲವತ್ತು ನಿಮಿಷ ಹೆಚ್ಚು. ಎಂಬತ್ತಾರರಲ್ಲಿ ನಲವತ್ತು ಹೋದರೆ ಉಳಿಯುವುದು ನಲವತ್ತಾರು. ನೈರೋಬಿಯ ಮಧ್ಯಾಹ್ನಕ್ಕೆ ಗುಡುಗು ಮಳೆಯ ಮುನ್ಸೂಚನೆ ಇತ್ತು. ಅಲ್ಲಿ ಇಳಿಯಲಾಗದೆ ಮೊಂಬಾಸಾಕ್ಕೆ ಹೊರಟರೆ ನಲವತ್ತು ನಿಮಿಷ ಬೇಕು. ಮೊಂಬಾಸಾ ಮುಟ್ಟಿದಾಗ ಟ್ಯಾಂಕಿನಲ್ಲಿ ಆರು ನಿಮಿಷದ ಇಂಧನ.

"ಆರು ನಿಮಿಷ," ಎಂದು ಹಿರಿಯರಿಗೆ ಹೇಳಿದೆ. ಅವರು ಕುರ್ಚಿಯಲ್ಲಿ ಕೂತುಬಿಟ್ಟರು.

ಒಂದು ಇಪ್ಪತ್ತರ ಸುಮಾರಿಗೆ ವಿಮಾನ ಮೂರನೆಯ ತುಂಡು ಮುಗಿಸುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿದರೆ ಏಡನ್ ಏಳುನೂರೈವತ್ತು ಮೈಲಿ, ಮೇಲೆ ಸ್ವಚ್ಛ ಆಕಾಶ, ಉದ್ದನೆಯ ರನ್‌ವೇ, ಬೇಕಾದಷ್ಟು ಇಂಧನ. ಆ ಜಾಗ ದಾಟಿ ಚಂಡಮಾರುತದ ಬಗಲಿಗೆ ಹೋದ ಮೇಲೆ ರೇಡಿಯೊದಲ್ಲಿ ನಮ್ಮ ಮಾತು ಕೇಳಿಸುತ್ತದೆ ಎಂಬ ಭರವಸೆಯೇ ಇಲ್ಲ. ನಮಗೆ ಉಳಿದಿದ್ದದ್ದು ನಲವತ್ತು ನಿಮಿಷ.

ಹಾರುತ್ತಿರುವ ವಿಮಾನಕ್ಕೆ ದಾರಿ ಬದಲಿಸು ಎಂದು ಸಂದೇಶ ಕಳಿಸಲು ಮ್ಯಾನೇಜರರ ಒಪ್ಪಿಗೆ ಬೇಕಿತ್ತು. ಮ್ಯಾನೇಜರ್ ಹಬ್ಬದ ರಜೆಯಲ್ಲಿ ಮಲಾಡಿನ ಮನೆಯಲ್ಲಿದ್ದರು. ಹಿರಿಯರು ಡಯಲ್ ತಿರುಗಿಸಿದರು. ಯಾರೂ ಎತ್ತಲಿಲ್ಲ. ಮತ್ತೆ ತಿರುಗಿಸಿದರು. ಐದು ನಿಮಿಷ ಹೀಗೆ ಕಳೆಯಿತು.

"ಸಾಹೇಬ್ರ, ನಾ ಕಳಸ್ತೀನ್ರಿ," ಅಂದೆ.

"ನಿನ್ನ ಹೆಸರಲೇ? ನೌಕರಿ ಹೋಗ್ತದ ನೋಡು."

"ಹೋಗ್ಲಿರಿ."

"ನೀ ಒಬ್ಬಾಂವ ಅಲ್ಲೋ, ನನ್ನ ಪೆನ್ಶನ್‌ಗೆ ಎರಡು ವರ್ಷ ಉಳದಾವ," ಅಂದರು. ಹೇಳುತ್ತಲೇ ನನ್ನ ಕೈಯಿಂದ ಸಂದೇಶದ ಫಾರ್ಮ್ ಕಸಿದುಕೊಂಡು ಕೆಳಗೆ ಸಹಿ ಎಳೆದರು. "ಬರಿ ಲಗೂ."

ಬರೆದೆ. "ನಿಮ್ಮ ಪ್ಲಾನಿನ ಗಾಳಿ ನಿನ್ನೆಯದು. ಇಂದಿನ ಚಾರ್ಟಿನಂತೆ ನಾಲ್ಕನೇ ತುಂಡಿನಿಂದ ಎದುರುಗಾಳಿ ನಲವತ್ತೈದು. ಸುತ್ತು ಸೇರಿ ನಲವತ್ತು ನಿಮಿಷ ಹೆಚ್ಚು. ಏಡನ್‌ಗೆ ಹೋಗಲು ಸಲಹೆ." ನಮ್ಮ ಸಂದೇಶಗಳು ಇಂಗ್ಲಿಷಿನಲ್ಲಿರುತ್ತಿದ್ದವು. ಇಂಗ್ಲಿಷಿನಲ್ಲೂ ಮೊದಲ ವಾಕ್ಯ ಅಷ್ಟೇ ನಾಚಿಕೆಗೇಡಿನದಾಗಿತ್ತು.

ದೂರದ ವಿಮಾನಗಳ ಜೊತೆ ಮಾತಾಡುವ ರೇಡಿಯೊ ಕೇಂದ್ರಕ್ಕೆ ಫೋನಿನಲ್ಲಿ ಓದಿ ಹೇಳಿದೆ. ಆಪರೇಟರ್ ಬರೆದುಕೊಂಡು ಕರೆಯತೊಡಗಿದ. ಫೋನ್ ಕಿವಿಗೇ ಹಿಡಿದುಕೊಂಡಿದ್ದೆ. ಆ ಕಡೆ ಬರೀ ಹುರಿಯುವ ಸದ್ದು. "ಸಾಬ್, ಕುಛ್ ಸುನಾಯೀ ನಹೀ ದೇ ರಹಾ," ಎಂದ, ಏನೂ ಕೇಳಿಸುತ್ತಿಲ್ಲವಂತೆ. ಬೇರೆ ಫ್ರೀಕ್ವೆನ್ಸಿಗೆ ಬದಲಿಸಿ ಎಂದು ಬೇಡಿಕೊಂಡೆ. ಬದಲಿಸಿದ. ವಿಮಾನದ ಹೆಸರು ಹಿಡಿದು ನಾಲ್ಕು ಸಲ, ಐದು ಸಲ, ಆರು ಸಲ ಕೂಗಿದ. ಒಂದು ಗಂಟೆಯಾಯಿತು. ಒಂದು ಐದಾಯಿತು. ಗೋಡೆ ಗಡಿಯಾರದ ಕಡೆ ನೋಡಬಾರದೆಂದು ಹಿರಿಯರು ಅದಕ್ಕೆ ಬೆನ್ನು ಹಾಕಿ ನಿಂತಿದ್ದರು.

ಒಂದು ಎಂಟಕ್ಕೆ ಆಪರೇಟರ್, "ರುಕೋ ಸಾಬ್," ಅಂದ. ಏಡನ್‌ನಿಂದ ಬೊಂಬಾಯಿಗೆ ಬರುತ್ತಿದ್ದ ಬೇರೊಂದು ಕಂಪನಿಯ ವಿಮಾನ ನಮ್ಮ ಕೂಗು ಕೇಳಿಸಿಕೊಂಡಿತ್ತು. ಅವರಿಗೆ ನಮ್ಮ ವಿಮಾನದ ದನಿ ಸಣ್ಣಗೆ ಕೇಳಿಸುತ್ತಿದೆಯಂತೆ, ಸಂದೇಶ ದಾಟಿಸುತ್ತಾರಂತೆ. ಗುರುತಿಲ್ಲದ ಆ ಪೈಲಟ್ ನನ್ನ ನಾಲ್ಕು ಸಾಲನ್ನು ಒಂದೊಂದಾಗಿ ಬರೆದುಕೊಂಡು ಆಪರೇಟರಿಗೆ ತಿರುಗಿ ಓದಿ ಹೇಳಿದ. ಆಮೇಲೆ ಮತ್ತೆ ಸದ್ದಿಲ್ಲ. ಒಂದು ಇಪ್ಪತ್ತು ದಾಟಿತು. ದೇವರನ್ನು ನೆನೆಯಲು ಹೋದರೆ ಬಾಯಿಗೆ ಆರು ನಿಮಿಷ, ಆರು ನಿಮಿಷ ಎಂದೇ ಬರುತ್ತಿತ್ತು.

ಒಂದು ಇಪ್ಪತ್ತಾರಕ್ಕೆ ಉತ್ತರ ಬಂತು. ಸಂದೇಶ ಸಿಕ್ಕಿದೆ, ಏಡನ್ ಕಡೆ ತಿರುಗಿದ್ದೇನೆ ಎಂದು ಕ್ಯಾಪ್ಟನ್ ತಿಳಿಸಿದ್ದರು. ಹಿರಿಯರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು. ಮೂರೂ ಕಾಲಿಗೆ ಟೆಲಿಪ್ರಿಂಟರ್ ಅಲುಗಾಡಿ, ವಿಮಾನ ಏಡನ್‌ನಲ್ಲಿ ಇಳಿದಿದೆ ಎಂಬ ಸಾಲು ಬಂತು. ಸಂಜೆ ಅದೇ ಟೆಲಿಪ್ರಿಂಟರಿನಲ್ಲಿ ನೈರೋಬಿಯ ಹವಾಮಾನವೂ ಬಂತು. ನಾಲ್ಕೂವರೆಯಿಂದ ಆರರವರೆಗೆ ನಮ್ಮ ಗಡಿಯಾರದ ಪ್ರಕಾರ ಅಲ್ಲಿ ಬಿರುಮಳೆ, ಒಂದು ವಿಮಾನವೂ ಇಳಿದಿರಲಿಲ್ಲ. ನಮ್ಮದು ನೇರ ಹೋಗಿದ್ದರೆ ಐದಕ್ಕೆ ಅಲ್ಲಿರುತ್ತಿತ್ತು.

ಮಾರನೆಯ ದಿನವೇ ಮ್ಯಾನೇಜರ್ ಲಿಖಿತ ವಿವರಣೆ ಕೇಳಿದರು. ಮೂರು ದಿನದ ಗಡುವು. ಹಿರಿಯರು ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ತಾವೇ ಬರೆದ ಕರಡು ಕೈಗಿಟ್ಟರು. "ಚಾರ್ಟ್ ತಡಾ ಮಾಡಿ ಬಂತು ಅಂತ ಬರದೇನಿ. ಸುಳ್ಳೇನಲ್ಲ, ನಮ್ಮ ಕೈಗೆ ತಡಾ ಆಗಿನಽ ಸಿಕ್ಕಿತು. ಇಬ್ಬರೂ ಉಳೀತೀವಿ," ಅಂದರು. ಅದನ್ನು ನಾನು ಚೊಕ್ಕ ಅಕ್ಷರದಲ್ಲಿ ನಕಲು ಮಾಡಿ, ಸಹಿಯೊಂದು ಬಿಟ್ಟು ಎಲ್ಲ ಮುಗಿಸಿ ಡ್ರಾಯರಿನಲ್ಲಿ ಇಟ್ಟುಕೊಂಡೆ. ಇಷ್ಟು ಜನರ ಜೀವ ಉಳಿಸಿದ್ದೇನೆ, ನನ್ನ ನೌಕರಿಯೂ ಉಳಿಯಲಿ ಎಂದು ಒಳಗೊಳಗೆ ವಾದ ಕೂಡ ಮಾಡಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಕ್ಯಾಪ್ಟನ್ ಬಂದರು. ನಾನು ಎದ್ದು ನಿಂತೆ. ಬೈಗುಳಕ್ಕೆ ತಯಾರಾಗಿದ್ದೆ, ಅವರ ಹಕ್ಕದು. ಅವರು ಎದುರಿನ ಕುರ್ಚಿ ಎಳೆದು ಕೂತು ನನಗೂ ಕೂತುಕೊಳ್ಳಲು ಹೇಳಿದರು.

"ಮೆಸೇಜು ಕಳಿಸಿದ್ದು ನೀವಾ?"

"ಹೌದ್ರಿ ಸರ."

"ಒಳ್ಳೇದಾಯ್ತು. ಇಲ್ದಿದ್ರೆ ನಾವು ಸೀದಾ ಹೋಗ್ತಿದ್ದೆವು. ಆ ಚಾರ್ಟು ಬಂದದ್ದು ಯಾವಾಗ?"

"ನೀವು ಬರೂಕಿಂತ ಮೊದ್ಲಽ ಬಂದಿತ್ರಿ. ತಾಟಿನ ಕೆಳಗ ಇತ್ತು. ನನಗ ಗೊತ್ತಿರಲಿಲ್ಲರಿ."

"ಅದು ಗೊತ್ತಿರ್ಲಿಲ್ಲ, ಸರಿ. ಪ್ಲಾನಲ್ಲಿ ಇದ್ದದ್ದು ನಿನ್ನೆದು ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ರಿ," ಅಂದೆ.

ಅವರು ದನಿ ಏರಿಸಲಿಲ್ಲ. "ಅಷ್ಟು ಹೇಳ್ಬೇಕಿತ್ತು ಮಾರಾಯ್ರೆ. ಹೊಸ ಲೆಕ್ಕಕ್ಕೆ ನಿಮಗೆ ಎಷ್ಟು ಹೊತ್ತು ಬೇಕು? ಇಪ್ಪತ್ತು ನಿಮಿಷ? ಅರ್ಧ ಗಂಟೆ? ನಾನು ಇಲ್ಲೇ ಕೂತು ಒಂದು ಚಾ ಕುಡೀತಿದ್ದೆ. ಯಾರು ಅರ್ಜೆಂಟು ಮಾಡಿದ್ರು ನಿಮಗೆ?"

ಯಾರೂ ಮಾಡಿರಲಿಲ್ಲ. ಅವರು ಟೋಪಿ ಎತ್ತಿಕೊಂಡು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಮೂರು ದಿನದಿಂದ ನಾನು ಗಾಳಿಯನ್ನೂ ಚಂಡಮಾರುತವನ್ನೂ ತಟ್ಟೆಯನ್ನೂ ಶಪಿಸುತ್ತಿದ್ದೆ. ಆ ಮಕ್ಕಳನ್ನೆಲ್ಲ ಆರು ನಿಮಿಷದ ಅಂಚಿಗೆ ಕಳಿಸಿದ್ದು ಅವು ಯಾವುವೂ ಅಲ್ಲ. ಒಬ್ಬ ಮನುಷ್ಯನನ್ನು ಒಂದು ಚಹಾದಷ್ಟು ಹೊತ್ತು ಕಾಯಿಸಲು ನಾನು ಸಂಕೋಚಪಟ್ಟಿದ್ದೆ. ನನಗೆ ಅಳು ಬಂತು, ಆಫೀಸಿನಲ್ಲೇ ಅತ್ತೆ.

ಡ್ರಾಯರಿನಿಂದ ಆ ಚೊಕ್ಕ ನಕಲು ತೆಗೆದು ಹರಿದೆ. ಹೊಸ ಹಾಳೆಯಲ್ಲಿ ಬರೆದೆ: ಚಾರ್ಟ್ ಸಮಯಕ್ಕೆ ಸರಿಯಾಗಿ ಬಂದಿತ್ತು. ನಾನು ಅದಕ್ಕಾಗಿ ಕಾಯಲಿಲ್ಲ. ಮುಂಚಿತವಾಗಿ ಲೆಕ್ಕ ಮಾಡುವ ಸಲಹೆ ನನ್ನದು, ಹಿರಿಯರದಲ್ಲ. ಗಾಳಿ ಇವತ್ತಿನದೇ ಎಂದು ಕ್ಯಾಪ್ಟನ್ ಕೇಳಿದಾಗ ಹೌದು ಅಂದೆ. ಅದು ನಿನ್ನೆಯದು ಎಂದು ನನಗೆ ಗೊತ್ತಿತ್ತು.

ಹಿರಿಯರು ಓದಿದರು. ಎರಡನೆಯ ಸಲವೂ ಓದಿದರು. "ಇದನ್ನ ಕೊಟ್ರ ನಿನ್ನನ್ನ ಈ ಮೇಜಿನ ಮ್ಯಾಲಿಂದ ಎಬ್ಬಸ್ತಾರ," ಅಂದರು.

"ಎಬ್ಬಸ್ಲಿರಿ ಸಾಹೇಬ್ರ," ಎಂದು ಹೇಳಿ ಸಹಿ ಹಾಕಿದೆ. ಎಬ್ಬಿಸಿದರು. ಒಂದು ವರ್ಷ ಸರಕು ವಿಭಾಗದಲ್ಲಿ ಮೂಟೆಗಳ ತೂಕ ಬರೆದೆ.